ಖಬರಪ್ಪ

ಹುಸೇನಪ್ಪ ಮಾಸ್ತರು ದಿನಕ್ಕೊಂದು ಚಿತ್ರ ಬರೆಯುತ್ತಿದ್ದರು
ನಾಲ್ಕು ಪುಟದ ನಮ್ಮ ಪತ್ರಿಕೆಗೆ,
ಮೂರನೇ ಪುಟದ ಮೂಲೆಯಲ್ಲಿ ಅಂಗೈಯಗಲ ಜಾಗ.
ಅದರೊಳಗೆ ಖಬರಪ್ಪ.
ತಲೆಗೆ ಟವೆಲು, ಮೂಗು ಬದನೆಕಾಯಿ,
ಕಣ್ಣೆಂದರೆ ಎರಡು ಚುಕ್ಕೆ,
ಎರಡೂ ಯಾವಾಗಲೂ ಮುಂದಕ್ಕೆ.
ಆಗುವುದೆಲ್ಲ ಬೆನ್ನ ಹಿಂದೆ.

ಬಾಗಿಲಿಗೆ ಬೀಗ ಹಾಕಿ ಜಗ್ಗಿ ಜಗ್ಗಿ ನೋಡುತ್ತಾನೆ ಖಬರಪ್ಪ:
ಪಕ್ಕದ ಗೋಡೆಯೇ ಇಲ್ಲ.
ಮಾವಿನಕೆರೆಯ ದಂಡೆಗೆ ಗಾಳ ಹಾಕಿ ಕೂತಿದ್ದಾನೆ:
ಹಿಂದೆ ಇಬ್ಬರು ಟೇಪು ಹಿಡಿದು ಸೈಟು ಅಳೆಯುತ್ತಿದ್ದಾರೆ.
ಬೀಗರ ಮುಂದೆ ಎದೆಯುಬ್ಬಿಸಿ,
"ಎರಡು ಹೊಳಿ ನಡುವ ಐತ್ರಿ ನಮ್ಮೂರು" ಅನ್ನುತ್ತಾನೆ:
ನಳದ ಕೆಳಗಿನ ಕೊಡದಲ್ಲಿ ಜೇಡವೊಂದು
ಮೂರನೇ ಮಗುವಿಗೆ ತೊಟ್ಟಿಲು ಕಟ್ಟಿದೆ.

ಹಡಪದ ಈರೇಶ ಅವನನ್ನು ಕತ್ತರಿಸಿ
ಅಂಗಡಿಯ ಕನ್ನಡಿಗೆ ಅಂಟಿಸಿಕೊಂಡಿದ್ದ.
ಕೂತವರೆಲ್ಲ, ಗಲ್ಲಕ್ಕೆ ನೊರೆ ಮೆತ್ತಿಕೊಂಡು,
ತಮ್ಮ ಮುಖದ ಪಕ್ಕದಲ್ಲೇ ಇದ್ದವನ ತೋರಿಸಿ
"ಥೇಟ್ ನಮ್ಮ ಷಡ್ಡಕ ನೋಡ್ರಿ" ಎನ್ನುತ್ತಿದ್ದರು.
ಊರಿಗೆ ಊರೇ ಷಡ್ಡಕರು.
ತಾನೇ ಅವನು ಎಂದವರು ಒಬ್ಬರೂ ಬರಲಿಲ್ಲ
ಆ ಕುರ್ಚಿಗೆ.

ನಾನು ಪ್ರೆಸ್ಸಿನ ಹುಡುಗ.
ಅಂದ್ರೂನ್ ಕಿಲ್ಲಾದ ಅವರ ಮನೆಯಿಂದ ಚಿತ್ರ ತರುವುದು,
ತೀನ್ ಕಂದಿಲ್ ದಾಟಿ, ಒಂದೇ ಕೈಯಲ್ಲಿ ಸೈಕಲ್ಲು,
ಇನ್ನೊಂದರಲ್ಲಿ ಮಿರ್ಚಿ. ಕಂಕುಳಲ್ಲಿ ಖಬರಪ್ಪ.

ಒಮ್ಮೆ ಮಾಸ್ತರು ನನ್ನನ್ನು ಕೋಟೆಗೋಡೆಯ ಮುಂದೆ ನಿಲ್ಲಿಸಿದರು.
ಅಲ್ಲೊಂದು ಉದ್ದಾನುದ್ದ ಕಲ್ಲು. ಆ ಕಲ್ಲನ್ನೇ
ಬಂಡಿಗೆ ಹೇರಿ ಎಳೆಯುವ ಕೋಣಗಳ ಸಾಲನ್ನೂ ಕೊರೆದಿದ್ದಾರೆ.
"ತಾ ಏನ್ ಎಳಿಯಾಕತ್ತೀನಂತ ಒಂದಕ್ಕರ ಖಬರ್ ಐತೇನು?
ಒಂದರ ಹಿಂದ ತಿರುಗಿ ನೋಡೇತೇನು?"
ಇಲ್ರಿ ಅಂದೆ.
"ಕೊರದಂವ ಭಾಳ ನಗಿಚಾಟಿ ಮನಷ್ಯಾ ಇದ್ದಿರಬೇಕಪಾ."
ನಾನು ನಕ್ಕೆ. ಕೋಣಗಳನ್ನು ನೋಡಿ.

ಆ ವರ್ಷ ಬೇಸಿಗೆಯಲ್ಲಿ ಗೆರೆ ಸ್ವಲ್ಪ ಅಲುಗಾಡತೊಡಗಿತು.
ಖಬರಪ್ಪನ ಟವೆಲಿಗೆ ಗಾಳಿ ಹತ್ತಿದಂತೆ,
ಗೋಡೆಗಳು ನೀರೊಳಗಿನ ಗೋಡೆಗಳಂತೆ.
ಸಂಪಾದಕರು ಕನ್ನಡಕ ಏರಿಸಿ, "ಹೊಸ ಶೈಲಿ" ಎಂದರು.
ಈರೇಶ, "ಬಿಸಿಲಿನ ಝಳ ಎಷ್ಟ್ ಚಂದ ತೆಗದಾರ" ಎಂದ.
ಮುಖಪುಟದ ಮೇಲೊಮ್ಮೆ ಅಭಿನಂದನೆಯೂ ಅಚ್ಚಾಯಿತು,
ಅವರ ಹೆಸರಿನ 'ಸೇ' ತಪ್ಪಾಗಿ.

ಚಿತ್ರಗಳನ್ನು ಈಗ ಅವರು
ದೊಡ್ಡದೊಂದು ಕಂದು ಲಕೋಟೆಯಲ್ಲಿಟ್ಟು ಕೊಡುತ್ತಿದ್ದರು.
ಗಟ್ಟಿ ಲಕೋಟೆ, ಮಡಚುತ್ತಿರಲಿಲ್ಲ, ನನಗೆ ಅನುಕೂಲವಾಯಿತು.
ಎಕ್ಸ್‌ರೇ ಲಕೋಟೆ ಅದು.
ಮೇಲೆ ಹೆಸರಿತ್ತು, ವಯಸ್ಸಿತ್ತು, ತಾರೀಖಿತ್ತು.
ಅದರ ಮೇಲೆ ಮಿರ್ಚಿಯ ಎಣ್ಣೆ ಒರೆಸಿದ್ದೂ
ನನಗೆ ನೆನಪಿದೆ.

ಕೊನೆಯ ಚಿತ್ರದಲ್ಲಿ ಖಬರಪ್ಪ ತಿರುಗಿದ್ದ.
ಹನ್ನೊಂದು ವರ್ಷದಲ್ಲಿ ಮೊದಲ ಸಲ,
ಬಾಯಿ ತೆರೆದು, ಕೈಯೆತ್ತಿ,
ಅಂಚಿನ ಕಡೆಗೆ ಕೂಗುತ್ತಿದ್ದ.
ಯಾರಿಗೆ ಕೂಗತಾನಲೇ ಇಂವ, ಎಂದು ಪ್ರೆಸ್ಸೆಲ್ಲ ನಕ್ಕಿತು.
ಪಕ್ಕದಲ್ಲಿ ಹತ್ತಿ ಬೀಜದ ಜಾಹೀರಾತು.

ಪ್ರೆಸ್ಸು ಮುಚ್ಚಿದಾಗ ರದ್ದಿಯಲ್ಲಿ ಆ ಮೂಲ ಹಾಳೆ ಸಿಕ್ಕಿತು.
ಬಲಕ್ಕೊಂದು ನೀಲಿ ಪೆನ್ಸಿಲಿನ ಗೆರೆ:
ಜಾಗ ಸಾಲದೆ, ಇಷ್ಟು ಬಿಡಿ ಎಂದು
ಅಂದು ನಾನೇ ಹಾಕಿದ್ದು.
ಗೆರೆಯ ಆಚೆ, ಉಗುರಿನಷ್ಟು ಚಿಕ್ಕದಾಗಿ,
ಒಬ್ಬ ಹುಡುಗ ಸೈಕಲ್ಲಿನ ಮೇಲೆ,
ಕಂಕುಳಲ್ಲಿ ಲಕೋಟೆ, ಕೈಯಲ್ಲಿ ಮಿರ್ಚಿ.
ಕಣ್ಣು ಎರಡು ಚುಕ್ಕೆ.